ಸುಂಡೆಕಾಯಿಯ ಕಹಿ ತೊಳೆಯಬೇಡಿ

ಸುಂಡೆಕಾಯಿ ಗೊಜ್ಜಿನ ಬಗ್ಗೆ ಬರೆಯುತ್ತೇನೆಂದು ಹೋದ ವಾರ ಮಾತು ಕೊಟ್ಟಿದ್ದೆ. ಶಿವರಾತ್ರಿ ಕಳೆದು ಬಿಸಿಲು ಬಲಿತಿದೆ. ಹೆಗ್ಗಡದೇವನಕೋಟೆಯ ಹ್ಯಾಂಡ್‌ಪೋಸ್ಟ್ ದಾಟಿ ಅಂತರಸಂತೆ ಕಡೆಗೆ ಹೊರಟರೆ ಬೇಲಿಯ ಮಗ್ಗುಲಲ್ಲಿ, ಹಾಳುಬಿದ್ದ ಹಿತ್ತಿಲಲ್ಲಿ ಗಿಡ ತಾನೇ ತಾನಾಗಿ ಎದ್ದು ಗೊಂಚಲು ಬಿಟ್ಟಿರುತ್ತದೆ. ಕಾಯಿ ಒಣಗಿಸಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಜೂನ್ ಹತ್ತಿರ ಬಂದರೆ ವಯನಾಡಿನ ಕಡೆಯಿಂದ ಮೋಡ ಬಂದು ಅಂಗಳವನ್ನೇ ಕಸಿದುಕೊಳ್ಳುತ್ತದೆ. ಗೊಜ್ಜಿಗೂ ಮೊದಲು ಒಣಗಿಸುವ ಮಾತು ಆಗಲೇಬೇಕು. ನಮ್ಮ ಕಡೆಯ ಅಡುಗೆಮನೆಗಳಲ್ಲಿ ಹಳೆಯ ಜಗಳ ಇರುವುದು ಅಲ್ಲೇ.

ಕಹಿಯನ್ನು ಪೂರ್ತಿ ತೆಗೆಯಬೇಕು ಎನ್ನುವವರದು ಒಂದು ಪಂಗಡ. ಕಾಯನ್ನು ಕುದಿಸಿ ನೀರು ಚೆಲ್ಲುತ್ತಾರೆ, ಮತ್ತೆ ಕುದಿಸಿ ಮತ್ತೆ ಚೆಲ್ಲುತ್ತಾರೆ, ಆಮೇಲೆ ಉಪ್ಪಲ್ಲಿ ಮುಳುಗಿಸಿ ಬಿಸಿಲಿಗೆ ಹಾಕುತ್ತಾರೆ. ಒಣಗಿದ ಮೇಲೆ ಕೈಗೆ ಸಿಗುವುದು ಬರೀ ಉಪ್ಪು ತುಂಬಿದ ಸಿಪ್ಪೆ. ಅಂಗಡಿಯ ಪೊಟ್ಟಣಗಳಲ್ಲಿ ಹೆಚ್ಚಿನವು ಇದೇ ಜಾತಿಯವು. ಕಹಿ ಬೇಡದವರು ಸುಂಡೆಯ ಗೊಡವೆಗೆ ಯಾಕೆ ಹೋಗಬೇಕು? ಗುಡ್ಡೆ ಗುಡ್ಡೆ ಬದನೆ ಸಿಗುವ ಊರಿದು.

ಸರಿಯಾದ ಕ್ರಮಕ್ಕೆ ಸಮಯ ಬೇಕು, ಶ್ರಮ ಹೆಚ್ಚಿಲ್ಲ. ಹಸಿರಾಗಿ ಗಟ್ಟಿಯಾಗಿರುವ ಎಳೆಕಾಯಿಯನ್ನೇ ಆರಿಸಿ. ಹಳದಿಗೆ ತಿರುಗಿದ್ದರೆ ಬೀಜ ಬಲಿತು ಬಾಯಿಗೆ ಕಲ್ಲಾಗುತ್ತದೆ. ತೊಟ್ಟು ಬಿಡಿಸಿ ಗುಂಡುಕಲ್ಲಿನಿಂದ ಒಂದೊಂದನ್ನೇ ಮೆಲ್ಲಗೆ ಒತ್ತಬೇಕು. ಕಾಯಿ ಬಾಯಿ ಬಿಡಬೇಕು, ಚಪ್ಪಟೆಯಾಗಬಾರದು. ನೀರಿಗೆ ಹಾಕಿ ಅಲ್ಲಾಡಿಸಿದರೆ ಬೀಜದಲ್ಲಿ ಒಂದು ಪಾಲು ಹೊರಬರುತ್ತದೆ, ಅದರ ಜೊತೆ ಹೋಗಬೇಕಾದಷ್ಟು ಕಹಿಯೂ ಹೋಗುತ್ತದೆ. ಅಷ್ಟೇ ಸಾಕು. ಆಮೇಲೆ ಚೆನ್ನಾಗಿ ಹುಳಿ ಬಂದ ಮಜ್ಜಿಗೆಗೆ ಹಿತವಾಗಿ ಉಪ್ಪು ಹಾಕಿ ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ ಹಿಂಡದೆ ಬಸಿದು ಚಾಪೆಯ ಮೇಲೆ ಹರವಿ, ಸಂಜೆ ಮತ್ತೆ ಅದೇ ಮಜ್ಜಿಗೆಗೆ ಹಾಕಿ. ಮೂರು ನಾಲ್ಕು ದಿನಕ್ಕೆ ಮಜ್ಜಿಗೆಯನ್ನೆಲ್ಲ ಕಾಯೇ ಕುಡಿದಿರುತ್ತದೆ. ಅಲ್ಲಿಂದ ಮುಂದೆ ಬಿಸಿಲೊಂದೇ. ಕೈಯಲ್ಲಿ ಹಿಡಿದು ಅಲುಗಿಸಿದಾಗ ಗಲಗಲ ಅನ್ನುವವರೆಗೆ ಒಣಗಿಸಿ ಭರಣಿಗೆ ತುಂಬಿ. ಒಳಗೆ ಪಸೆ ಉಳಿದರೆ ಮಳೆಗಾಲಕ್ಕೆ ಬೂಷ್ಟು ಖಂಡಿತ.

ಹುರಿಯುವಾಗ ಆತುರ ಬೇಡ. ಸಣ್ಣ ಉರಿ, ಸ್ವಲ್ಪವೇ ಎಣ್ಣೆ, ಬಿಡದೆ ಕೈಯಾಡಿಸುವುದು. ಹುರಿದ ಕಾಫಿ ಬೀಜದ ಬಣ್ಣಕ್ಕೆ ಬಂದ ಕೂಡಲೇ ಇಳಿಸಬೇಕು. ಅಲ್ಲಿಂದ ಒಂದು ಗಳಿಗೆ ದಾಟಿದರೆ ಸುಟ್ಟ ಕಹಿ. ಅದು ಬೇರೆಯೇ ಕಹಿ, ಯಾವ ಮೊಸರನ್ನವೂ ಅದನ್ನು ತಾಳಿಕೊಳ್ಳುವುದಿಲ್ಲ.

ಪೌಷ್ಟಿಕತೆಯ ವಿಚಾರಕ್ಕೆ ಬರೋಣ. ಒಣ ಸುಂಡೆಯಲ್ಲಿ ರಾಶಿ ಕಬ್ಬಿಣವಿದೆ, ರಕ್ತಹೀನತೆಗೆ ಇದೇ ಮದ್ದು ಎಂಬ ಮಾತು ಪೊಟ್ಟಣಗಳ ಮೇಲೆ ಏರಿ ಕೂತಿದೆ. ನೀರು ಆರಿದ ಯಾವ ಪದಾರ್ಥದಲ್ಲೂ ನೂರು ಗ್ರಾಂ ಲೆಕ್ಕ ದೊಡ್ಡದಾಗಿಯೇ ಕಾಣುತ್ತದೆ. ನೂರು ಗ್ರಾಂಗೆ 20 ಮಿಲಿಗ್ರಾಂ ಕಬ್ಬಿಣ ಎಂದೇ ಇಟ್ಟುಕೊಳ್ಳಿ. ಊಟಕ್ಕೆ ಹಾಕಿಕೊಳ್ಳುವುದು ಒಂದು ಹಿಡಿ, ಹೆಚ್ಚೆಂದರೆ 10 ಗ್ರಾಂ; ಸಿಗುವುದು 2 ಮಿಲಿಗ್ರಾಂ. ವಯಸ್ಕ ಹೆಂಗಸಿಗೆ ದಿನಕ್ಕೆ 29 ಮಿಲಿಗ್ರಾಂ ಬೇಕೆಂದು ಐಸಿಎಂಆರ್ 2020ರಲ್ಲಿ ಹೇಳಿದೆ. ಸೊಪ್ಪು ಕಾಳುಗಳ ಕಬ್ಬಿಣದಂತೆ ಇದನ್ನೂ ಮೈ ಹಿಡಿದುಕೊಳ್ಳುವುದು ಕೊಂಚವೇ. ಜೊತೆಗೆ ನಿಂಬೆಯೋ ನೆಲ್ಲಿಯೋ ಇದ್ದರೆ ಅದರ ಸಿ ಜೀವಸತ್ವದಿಂದ ಇನ್ನೊಂದಿಷ್ಟು ಹಿಡಿದೀತು; ಕಾಯಿಯ ಸ್ವಂತ ಸಿ ಜೀವಸತ್ವವನ್ನು ಬಿಸಿಲು ಬಹುಪಾಲು ತಿಂದುಹಾಕಿರುತ್ತದೆ. ನಾರಿನಂಶ ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಉಪ್ಪೂ ಹೋಗುವುದಿಲ್ಲ! ದಿನಕ್ಕೆ 5 ಗ್ರಾಂ ಉಪ್ಪು ದಾಟಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ರಕ್ತದೊತ್ತಡ ಇರುವವರು ಮಜ್ಜಿಗೆಗೆ ಉಪ್ಪು ಹಾಕುವಾಗಲೇ ಕೈ ಹಿಡಿಯಬೇಕು. ಬಾಣಂತಿಗೆ, ಜ್ವರ ಬಿಟ್ಟವರಿಗೆ ನಮ್ಮ ಹಿರಿಯರು ಇದರ ಪುಡಿಯನ್ನು ತುಪ್ಪದ ಅನ್ನಕ್ಕೆ ಕಲಸಿ ಕೊಟ್ಟದ್ದು ನಾಲಗೆಗೆ ರುಚಿ ಮರಳಲಿ, ಹಸಿವು ಕೆರಳಲಿ ಎಂದು. ಸುಂಡೆಯ ದೊಡ್ಡ ಗುಣ ಅದೇ. ಅದನ್ನು ಕಬ್ಬಿಣದ ಮಾತ್ರೆಯ ಜಾಗದಲ್ಲಿ ಕೂರಿಸುವುದು ಹೆಂಗಸರ ಆರೋಗ್ಯಕ್ಕೆ ಮಾಡುವ ಅನ್ಯಾಯ.

ಪುರಾತನ ಆಹಾರ ಎಂಬ ಇನ್ನೊಂದು ಮಾತೂ ಪೊಟ್ಟಣದ ಮೇಲಿರುತ್ತದೆ. ಅದನ್ನು ಓದಿದಾಗಲೆಲ್ಲ ನನ್ನ ಮನಸ್ಸು ಪಕ್ಕದ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಗೆ ಹೋಗುತ್ತದೆ. ದೇವರಾಜ ಅರಸರ ಊರೆಂದು ಎಲ್ಲರಿಗೂ ಗೊತ್ತು. ಅದಕ್ಕೂ ನಾನೂರು ವರ್ಷ ಹಿಂದೆ ಅದು ಮೂರನೆಯ ಮಂಗರಸನ ಊರು. 1508ರ ಆಸುಪಾಸಿನ ಈ ಜೈನ ಕವಿ ಬರೆದ 'ಸೂಪಶಾಸ್ತ್ರ' ಕನ್ನಡದ ಅಡುಗೆ ಪುಸ್ತಕಗಳಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಅಡುಗೆಯನ್ನು ವಾರ್ಧಕ ಷಟ್ಪದಿಯಲ್ಲಿ ಹಾಡುತ್ತಾನೆ. ಹಿಟ್ಟಿನ ಭಕ್ಷ್ಯಗಳಿಂದ ಹಿಡಿದು ಪಾನಕಕ್ಕೆ, ಅನ್ನಕ್ಕೆ, ಶಾಕಗಳಿಗೆ ಬಂದು ಕಳಲೆ, ನೆಲ್ಲಿಕಾಯಿಯವರೆಗೆ ನಡೆಯುತ್ತಾನೆ. ಬದನೆಯ ಮೇಲಂತೂ ಅವನಿಗೆ ಅಪಾರ ಪ್ರೀತಿ. ಆ ಕಳಲೆ ಇವತ್ತಿಗೂ ನಮ್ಮ ಕಾಕನಕೋಟೆ ಸೀಮೆಯ ಅಡುಗೆ. ಮುಂಗಾರಿನಲ್ಲಿ ಕಳಲೆಯ ಸಾರು ಉಂಡವರು ಮಂಗರಸನನ್ನು ಓದಿದರೆ ಅವನು ನೆರೆಮನೆಯವನೇ ಅನ್ನಿಸುತ್ತಾನೆ.

ಆದರೆ ಅವನು ಇಂದಿನ ಸುಂಡೆಕಾಯಿಯನ್ನು ಕಂಡಿರಲಾರ. ಬಿಳಿ ಹೂವಿನ, ಅಗಲ ಎಲೆಯ ಈ ಗಿಡದ, ಅಂದರೆ ಸೊಲಾನಮ್ ಟೋರ್ವಮ್‌ನ, ತವರು ಅಮೆರಿಕ ಖಂಡ. ಮೆಣಸಿನಕಾಯಿ, ಟೊಮೆಟೊ, ಆಲೂಗೆಡ್ಡೆ ಬಂದದ್ದೂ ಅಲ್ಲಿಂದಲೇ. ಹುಣಸೂರು, ಪಿರಿಯಾಪಟ್ಟಣದ ಬ್ಯಾರನ್‌ಗಳಲ್ಲಿ ಬೇಯುವ ಹೊಗೆಸೊಪ್ಪೂ ಅದೇ ಬಳಗದ್ದು, ಅದೇ ಕಡೆಯದು. ಈ ನೆಲದ ಹಳೆಯ ಕಹಿಕಾಯಿ ಗುಳ್ಳ. ಹೂವು ನೇರಳೆ, ಮೈತುಂಬ ಮುಳ್ಳು, ಹಣ್ಣಾದಾಗ ಕಾಯಿ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಆಯುರ್ವೇದದ ದಶಮೂಲದಲ್ಲಿ ಬರುವ ಬೃಹತಿ ಇದೇ. ನೆಲಕ್ಕಂಟಿ ಹರಡುವ ನೆಲಗುಳ್ಳ ಕಂಟಕಾರಿ. ಕರಾವಳಿಯಲ್ಲಿ ಕುದನೆ ಎಂದು ಕರೆದು ಇಂಥ ಕಾಯಿಗಳನ್ನು ಈಗಲೂ ಹುಡುಕಿ ತರುತ್ತಾರೆ. ನಮ್ಮಲ್ಲಿ ಗುಳ್ಳದ ಗಿಡ ಕಂಡರೆ ಕುಡುಗೋಲು ಎತ್ತುತ್ತೇವೆ.

ಸುಂಡೆ ಹೊರಗಿನಿಂದ ಬಂತೆಂದು ನನಗೆ ಅದರ ಮೇಲೆ ಅಕ್ಕರೆ ಕಡಿಮೆಯಾಗಿಲ್ಲ. ಬೇರೂರಿದ ಗಿಡ ಈ ನೆಲದ್ದೇ. ಬದನೆ ಬೆಳೆಗಾರನಿಗಂತೂ ಅದು ದೊಡ್ಡ ಆಸರೆ: ಬದನೆಗೆ ಬರುವ ಸೊರಗು ರೋಗ ಇದರ ಬೇರನ್ನು ಸುಲಭಕ್ಕೆ ಮುಟ್ಟುವುದಿಲ್ಲ, ಹಾಗಾಗಿ ಸುಂಡೆಯ ಬುಡಕ್ಕೆ ಬದನೆಯ ಕುಡಿ ಕಸಿ ಕಟ್ಟುತ್ತಾರೆ. ನನ್ನ ತಕರಾರು ಸುಳ್ಳು ಪುರಾತನದ ಮೇಲೆ. ಹಳತೇ ಬೇಕೆನ್ನುವವರು ಬೇಲಿಯ ಗುಳ್ಳಕ್ಕೆ ಒಂದು ಮೊಳ ಜಾಗ ಬಿಡಲಿ, ಎಳೆಕಾಯಿಯನ್ನು ಗುರುತು ಬಲ್ಲ ಹಿರಿಯರಿಂದ ಬಿಡಿಸಿಕೊಂಡು ಅದೇ ಮಜ್ಜಿಗೆಗೆ ಹಾಕಲಿ. ಗುರುತಿಲ್ಲದ ಕಾಡುಕಾಯನ್ನು ಮಾತ್ರ ಯಾರೂ ಬಾಯಿಗೆ ಹಾಕಬೇಡಿ. ಈ ಬಳಗದಲ್ಲಿ ವಿಷದವೂ ಇವೆ.

ಗೊಜ್ಜಿಗೆ ಉಳಿದಿರುವ ಜಾಗ ಇಷ್ಟೇ. ಹುರಿದ ಕಾಯನ್ನು ಪಕ್ಕಕ್ಕಿಟ್ಟು ಅದೇ ಎಣ್ಣೆಗೆ ಸಾಸಿವೆ, ಮೆಂತ್ಯ, ಇಂಗು, ಕರಿಬೇವು. ಗಟ್ಟಿ ಹುಣಸೆ ರಸ ಹಾಕಿ ಹಸಿ ವಾಸನೆ ಹೋಗುವವರೆಗೆ ಕುದಿಸಿ, ಸಾರಿನ ಪುಡಿ ಬೆರೆಸಿ, ಎಣ್ಣೆ ಅಂಚಿಗೆ ಬಿಟ್ಟಾಗ ಕಾಯಿ ಹಾಕಿ ಇಳಿಸಿ. ಮೊದಲೇ ಹಾಕಿದರೆ ಮೆತ್ತಗಾಗುತ್ತದೆ. ಉಪ್ಪು ಕೊನೆಯಲ್ಲಿ ನೋಡಿ ಹಾಕಿ, ಕಾಯಲ್ಲೇ ಸಾಕಷ್ಟಿರುತ್ತದೆ. ಬೆಲ್ಲ ಹುಣಸೆಯ ಚೂಪು ಮುರಿಯುವಷ್ಟು ಮಾತ್ರ, ಒಂದು ಕಡಲೆಕಾಳಿನ ಗಾತ್ರ. ಮಾರನೆಯ ದಿನ ಬಿಸಿ ಮುದ್ದೆಗೆ ಇನ್ನೂ ಚೆನ್ನಾಗಿರುತ್ತದೆ.