ಪಟ್ಟಿಯಲ್ಲಿ ಇಲ್ಲದ್ದನ್ನು ಕೇಳಿದಾಗ

ಪೈಥಾನ್‌ನ ಡಿಕ್ಷನರಿ ಬಳಸಿದ ಕೋಡನ್ನು ಗೋ ಭಾಷೆಯ ಮ್ಯಾಪ್‌ಗೆ ಇಳಿಸುವುದನ್ನು ಬಹಳ ಜನ ಗುಮಾಸ್ತಿಕೆ ಎಂದೇ ತಿಳಿಯುತ್ತಾರೆ. ಎರಡು ಕಡೆಯೂ ಅದೇ ಚೌಕ ಕಂಸ, ಒಳಗೆ ಅದೇ ಕೀ. ಎಡವುವುದು ಈ ಹೋಲಿಕೆಯಿಂದಲೇ.

ಅಂಗಡಿಯೊಂದರ ಬೆಲೆಪಟ್ಟಿ ಇದೆ ಎನ್ನಿ. ಅದರಲ್ಲಿ ಹೆಸರುಕಾಳು ಇಲ್ಲ. ಕಂಸದೊಳಗೆ ಹೆಸರುಕಾಳು ಎಂದು ಬರೆದು ಬೆಲೆ ಕೇಳಿದರೆ ಪೈಥಾನ್ ಕೀಎರರ್ ಎಂದು ಕೂಗಿ ಅಲ್ಲೇ ನಿಲ್ಲುತ್ತದೆ. ಗೋ ತುಟಿಪಿಟಕ್ಕೆನ್ನದೆ ಸೊನ್ನೆ ಕೊಡುತ್ತದೆ. ಬಿಲ್ಲು ಸರಾಗವಾಗಿ ಮುದ್ರಣವಾಗುತ್ತದೆ, ಗಿರಾಕಿಗೆ ಕಾಳು ಪುಕ್ಕಟೆ. ಸಿ ಪ್ಲಸ್ ಪ್ಲಸ್ ಅಂತೂ ಕೇಳಿದ ತಪ್ಪಿಗೆ ಸೊನ್ನೆ ಬೆಲೆಯ ಹೆಸರುಕಾಳನ್ನು ಪಟ್ಟಿಗೇ ಸೇರಿಸಿಬಿಡುತ್ತದೆ. ಬರೀ ಓದಿದ್ದೇವೆ ಎಂದುಕೊಂಡವರ ಪಟ್ಟಿ ಬೆಳೆಯುತ್ತಾ ಹೋಗುತ್ತದೆ.

ಜಾವಾಸ್ಕ್ರಿಪ್ಟ್‌ನದು ಇನ್ನೂ ವಿಚಿತ್ರ. ಪದಗಳನ್ನು ಎಣಿಸುವ ಪುಟ್ಟ ಪ್ರೋಗ್ರಾಮನ್ನು ಅಲ್ಲಿನ ಸಾದಾ ಆಬ್ಜೆಕ್ಟ್‌ಗೆ ಇಳಿಸಿ, ಇಂಗ್ಲಿಷ್ ಪಠ್ಯದಲ್ಲಿ 'ಕನ್‌ಸ್ಟ್ರಕ್ಟರ್' ಎಂಬ ಪದ ಬರಲಿ. ಆ ಹೆಸರಿನ ಫಂಕ್ಷನ್ ಆಬ್ಜೆಕ್ಟ್‌ಗೆ ಹುಟ್ಟಿನಿಂದಲೇ ಬಂದಿರುವುದರಿಂದ ಎಣಿಕೆಯ ಜಾಗದಲ್ಲಿ ಫಂಕ್ಷನ್‌ನ ಪಠ್ಯ ಬಂದು, ಅದರ ಬಾಲಕ್ಕೆ 1 ಅಂಟಿಕೊಳ್ಳುತ್ತದೆ. 2015ರ ಆವೃತ್ತಿಯಲ್ಲಿ ಬಂದ ಮ್ಯಾಪ್ ಬಳಸಿದ್ದರೆ ಈ ಪೀಕಲಾಟವಿಲ್ಲ.

ಇಂಥ ಅನುವಾದಗಳು ಪರೀಕ್ಷೆಯಲ್ಲಿ ಪಾಸಾಗುತ್ತವೆ ಎಂಬುದೇ ನನ್ನ ತಕರಾರು. ಟೆಸ್ಟ್ ಬರೆಯುವವರು ಪಟ್ಟಿಯಲ್ಲಿ ಇರುವ ಸಾಮಾನನ್ನೇ ಕೇಳುತ್ತಾರಲ್ಲ! ಗೋ ಇದಕ್ಕೆ ದಾರಿ ಕೊಟ್ಟಿದೆ: ಬೆಲೆಯ ಜೊತೆಗೆ 'ಇತ್ತೋ ಇಲ್ಲವೋ' ಎಂಬ ಎರಡನೆಯ ಉತ್ತರವನ್ನೂ ಕೇಳಬಹುದು. ಆದರೆ ಕೇಳಲೇಬೇಕೆಂದಿಲ್ಲ. ರಸ್ಟ್‌ನ ಗೆಟ್ ಕೊಡುವುದು ಆಪ್ಷನ್, ಅಂದರೆ ಒಳಗೆ ಬೆಲೆ ಇರಬಹುದಾದ ಇಲ್ಲವೇ ಖಾಲಿ ಇರಬಹುದಾದ ಪೊಟ್ಟಣ; ಅದನ್ನು ಬಿಚ್ಚದೆ ಬೆಲೆ ಕೈಗೆ ಸಿಗದು. ಶುರುವಿನಲ್ಲಿ ಕಿರಿಕಿರಿ ಎನಿಸಿದರೂ, ಕೋಡ್ ಇಳಿಸುವ ಕೆಲಸಕ್ಕೆ ನನಗೆ ಆ ಬಿಗಿಯೇ ಮೇಲು. ಹಾಗೆಂದು ಪ್ರತಿ ಹುಡುಕಾಟಕ್ಕೂ ಒಂದು ಸಹಾಯಕ ಫಂಕ್ಷನ್ ಸುತ್ತಿ ಗೋವನ್ನು ಪೈಥಾನ್‌ನಂತೆ ಕೂಗಿಸುವವರನ್ನೂ ಒಪ್ಪಲಾರೆ. ಪೈಥಾನ್ ಮೂಲದಲ್ಲಿ ಗೆಟ್ ಎಂದು ಕೇಳಿ, ಇಲ್ಲದಿದ್ದರೆ ಸೊನ್ನೆ ಇರಲಿ ಎಂದಿದ್ದ ಕಡೆ ಗೋದ ಸೊನ್ನೆ ಸರಿಯಾದದ್ದೇ.

ಅನುಕ್ರಮದ ತೊಡಕು ಬೇರೆ. ಪೈಥಾನ್ 3.7ರಿಂದ ಡಿಕ್ಷನರಿ ಸೇರಿಸಿದ ಕ್ರಮವನ್ನು ಕಾಯುವ ಭರವಸೆ ಕೊಟ್ಟಿದೆ. ಗೋ ಕ್ರಮವನ್ನು ಬೇಕೆಂದೇ ಕಲಸುತ್ತದೆ. ಬಿಲ್ಲಿನ ಸಾಲುಗಳು ಇವತ್ತೊಂದು ಥರ, ನಾಳೆ ಇನ್ನೊಂದು ಥರ. ಕೀಗಳನ್ನು ಬೇರೆ ಸ್ಲೈಸ್‌ನಲ್ಲಿ ಇಟ್ಟುಕೊಂಡರೆ ಮುಗಿಯಿತು, ಆದರೆ ಅಂಥ ಸ್ಲೈಸ್ ಮೂಲದಲ್ಲಿ ಎಲ್ಲೂ ಇಲ್ಲ. ಸಾಲಿಗೆ ಸಾಲು ಇಳಿಸುವವರು ಅದನ್ನು ಬರೆಯುವುದೂ ಇಲ್ಲ.