ಜಾರ್ಜಿಯಾದ ಎರಡನೇ ಸುತ್ತು

ಹೆಚ್ಚು ಮತ ಪಡೆದವರೇ ಗೆದ್ದವರು ಎಂಬ ನಿಯಮ ಅಮೆರಿಕದ ಬಹುತೇಕ ರಾಜ್ಯಗಳಲ್ಲಿದೆ, ನಮ್ಮಲ್ಲೂ ಇದೆ. ಜಾರ್ಜಿಯಾಕ್ಕೆ ಅದು ಸಾಲದು. ಅಲ್ಲಿ ಗೆಲ್ಲಲು ಅರ್ಧಕ್ಕಿಂತ ಒಂದು ಮತವಾದರೂ ಹೆಚ್ಚು ಬೇಕು. ಬಾರದಿದ್ದರೆ ಮೊದಲಿಬ್ಬರ ನಡುವೆ ಮತ್ತೊಂದು ಮತದಾನ. ಈ ತತ್ವವನ್ನು ತಳ್ಳಿಹಾಕಲಾಗದು. ಮತ ಹಂಚಿಹೋಗಿ, ಮೂರನೇ ಒಂದು ಪಾಲು ಪಡೆದವರು ಎಲ್ಲರ ಪ್ರತಿನಿಧಿಯಾಗುವುದು ಒಳ್ಳೆಯದಲ್ಲ.

ಆದರೆ ಜಾರ್ಜಿಯಾದ ನಿಯಮ ಹುಟ್ಟಿದ್ದು ಆ ಕಾಳಜಿಯಿಂದಲ್ಲ. ಮೇಕನ್ ನಗರದ ಶಾಸಕ ಡೆನ್ಮಾರ್ಕ್ ಗ್ರೂವರ್ 1958ರಲ್ಲಿ ಸೋತರು. ಕಪ್ಪು ಜನ ಒಟ್ಟಾಗಿ ಎದುರಾಳಿಗೆ ಮತ ಹಾಕಿದ್ದೇ ಕಾರಣವೆಂದು ನಂಬಿದರು. ಶಾಸನಸಭೆಗೆ ಮರಳಿದ ಮೇಲೆ ಬಹುಮತದ ನಿಯಮಕ್ಕೆ ಪಟ್ಟು ಹಿಡಿದರು. 1964ರಲ್ಲಿ ಅದು ಕಾಯ್ದೆಯಾಯಿತು. ಬಿಳಿಯರ ಮತ ಒಡೆದು ಕಪ್ಪು ಜನರ ಆಯ್ಕೆಯೇ ಗೆದ್ದುಬಿಡಬಹುದು ಎಂಬ ಭಯವಿದ್ದವರಿಗೆ ಎರಡನೇ ಸುತ್ತು ಒಗ್ಗೂಡಲು ಸಿಕ್ಕ ಅವಕಾಶ. ವರ್ಣಭೇದವೇ ತಮ್ಮ ಉದ್ದೇಶವಾಗಿತ್ತೆಂದು ಗ್ರೂವರ್ ಮುಂದೆ ತಾವೇ ಒಪ್ಪಿಕೊಂಡರು.

ಪಕ್ಷಗಳೂ ಇದನ್ನು ಬೇಕಾದಂತೆ ತಿರುಚಿವೆ. 1992ರಲ್ಲಿ ಮೊದಲ ಸುತ್ತಿನಲ್ಲಿ ಮುಂದಿದ್ದ ಡೆಮಾಕ್ರಟಿಕ್ ಸೆನೆಟರ್ ವೈಚ್ ಫೌಲರ್ ಎರಡನೆಯದರಲ್ಲಿ ಸೋತರು. ಅವರ ಪಕ್ಷ ಮಿತಿಯನ್ನು ಶೇ. 45ಕ್ಕೆ ಇಳಿಸಿತು. ರಿಪಬ್ಲಿಕನ್ನರು 2005ರಲ್ಲಿ ಮತ್ತೆ ಅರ್ಧಕ್ಕೆ ಏರಿಸಿದರು.

2021ರ ಜನವರಿಯಲ್ಲಿ ಇದೇ ಎರಡನೇ ಸುತ್ತು ರಾಫೆಲ್ ವಾರ್ನಾಕ್ ಅವರನ್ನು ಜಾರ್ಜಿಯಾದ ಮೊದಲ ಕಪ್ಪು ಸೆನೆಟರ್ ಆಗಿಸಿತಲ್ಲ ಎಂದು ಕೆಲವರು ವಾದಿಸುತ್ತಾರೆ. ಆ ವಾದ ನನಗೆ ಒಪ್ಪಿಗೆಯಿಲ್ಲ. 2020ರ ಮೊದಲ ಸುತ್ತಿನಲ್ಲೂ ಅವರೇ ಮುಂದಿದ್ದರು, 2022ರಲ್ಲೂ ಅವರೇ: ಶೇ. 49.4. ಎರಡೂ ಸಲ ಗೆದ್ದ ಸ್ಥಾನವನ್ನೇ ಮತ್ತೆ ಗೆಲ್ಲಬೇಕಾಯಿತು.

ಆ ಹೊರೆ ಮತದಾರರದ್ದು. 2021ರ ಕಾಯ್ದೆ ಎರಡು ಸುತ್ತುಗಳ ನಡುವಿನ ಅಂತರವನ್ನು ಒಂಬತ್ತು ವಾರದಿಂದ ನಾಲ್ಕಕ್ಕೆ ಇಳಿಸಿತು. ನಡುವೆ ಥ್ಯಾಂಕ್ಸ್‌ಗಿವಿಂಗ್ ಹಬ್ಬ. 2022ರಲ್ಲಿ ಹಬ್ಬದ ಮರುದಿನದ ಶುಕ್ರವಾರವೂ ರಾಜ್ಯಕ್ಕೆ ರಜೆ; ಅದು ಹಿಂದೆ ಗುಲಾಮಗಿರಿಯ ಪರ ನಿಂತ ದಕ್ಷಿಣದ ಸೇನಾನಿ ರಾಬರ್ಟ್ ಲೀ ಹೆಸರಿನಲ್ಲಿದ್ದ ರಜೆ. ರಜೆಯ ಬೆನ್ನಿಗೆ ಬರುವ ಶನಿವಾರ ಮುಂಗಡ ಮತದಾನ ಕೂಡದೆಂದು ಅಧಿಕಾರಿಗಳು ಹೇಳಿದರು. ವಾರವಿಡೀ ದುಡಿಯುವವರಿಗೆ ಆ ಒಂದು ಶನಿವಾರ ಸಿಗಬೇಕಾದರೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು.

ಇಷ್ಟೆಲ್ಲ ಏಕೆ? ನಮ್ಮ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದಲ್ಲಿ ಮತ ಹಾಕಿದವರಿಗೆ ದಾರಿ ಗೊತ್ತು. ಹೆಸರುಗಳ ಮುಂದೆ 1, 2, 3 ಎಂದು ಬರೆದರಾಯಿತು. ಕೊನೆಯವರನ್ನು ಕೈಬಿಡುತ್ತ ಅವರ ಮತಗಳ ಮುಂದಿನ ಪ್ರಾಶಸ್ತ್ಯ ಎಣಿಸುತ್ತಾರೆ. ಮೇಯ್ನ್ ರಾಜ್ಯದಲ್ಲಿ 2018ರಿಂದ ಇದೇ ಬಗೆಯ ಮತದಾನ ನಡೆದಿದೆ. ಜಾರ್ಜಿಯಾಕ್ಕೂ ಇದು ಹೊಸದಲ್ಲ. ವಿದೇಶದಲ್ಲಿರುವ ನಾಗರಿಕರಿಗೂ ಊರಿನಿಂದ ದೂರವಿರುವ ಸೈನಿಕರಿಗೂ ಆ ರಾಜ್ಯ 2021ರ ಕಾಯ್ದೆಯಡಿ ಪ್ರಾಶಸ್ತ್ಯದ ಮತಪತ್ರವನ್ನೇ ಕಳುಹಿಸುತ್ತದೆ. ಅವರಿಗೆ ಕೊಟ್ಟದ್ದನ್ನು ಅಟ್ಲಾಂಟಾದಲ್ಲಿ ಸಾಲು ನಿಲ್ಲುವವರಿಗೂ ಕೊಡಲಿ.