ಕುರಿ ಕೊಂದ ಗಿಡ, ಕಾಡು ಕಾದ ಗಿಡ

ಬ್ರಿಟಿಷರು 1829ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಸ್ವಾನ್ ನದಿಯ ದಂಡೆಯಲ್ಲಿ ವಸಾಹತು ಹೂಡಿದರು. ಅಲ್ಲಿಂದ ಒಳನಾಡಿನ ಯಾರ್ಕ್ ಕಡೆಗೆ ಹೊಡೆದುಕೊಂಡು ಹೋದ ಕುರಿಗಳು ದಾರಿಯಲ್ಲೇ ಸತ್ತುಬೀಳತೊಡಗಿದವು. ಕಾರಣ ಖಚಿತವಾಗಲು ಹಲವು ವರ್ಷಗಳೇ ಹಿಡಿದವು. 1840ರ ಸುಮಾರಿಗೆ ಸಸ್ಯಸಂಗ್ರಾಹಕ ಜೇಮ್ಸ್ ಡ್ರಮಂಡ್ ಮತ್ತು ಜೊತೆಗಾರರು ಅನುಮಾನ ಬಂದ ಗಿಡಗಳನ್ನು ಜಾನುವಾರುಗಳಿಗೆ ತಿನ್ನಿಸಿ ನೋಡಿದರು. ಗ್ಯಾಸ್ಟ್ರೊಲೋಬಿಯಂ ಕುಲದ ಪೊದೆಯೊಂದು ಸಿಕ್ಕಿಬಿತ್ತು. ‘ಯಾರ್ಕ್ ರೋಡ್ ಪಾಯ್ಸನ್’ ಎಂದೇ ಅದು ಹೆಸರಾಯಿತು.

ಪ್ರಾಣಿಗಳ ಪಾಲಿಗೆ ಕ್ರೂರವಾದರೂ ಈ ಪರೀಕ್ಷೆ ಅನಿವಾರ್ಯವಾಗಿತ್ತು. ಬೂದು ಛಾಯೆಯ ಗಡುಸು ಎಲೆ, ಬಟಾಣಿ ಹೂವಿನ ಆಕಾರದ ಹಳದಿ–ಕೆಂಪು ಹೂ: ಅಂಥದೇ ಹೂ ಬಿಡುವ ನಿರುಪದ್ರವಿ ಪೊದೆಗಳೂ ಅದೇ ಕಾಡಿನಲ್ಲಿ ಬೇಕಾದಷ್ಟಿವೆ. ಹೂ ನೋಡಿ ನಿರ್ಧರಿಸಿದವನು ಮಂದೆ ಕಳೆದುಕೊಳ್ಳುತ್ತಿದ್ದ.

ಈ ಪರಂಪರೆಯ ಉತ್ತಮ ಫಲ ಗಾರ್ಡ್ನರ್ ಮತ್ತು ಬೆನೆಟ್ಸ್ 1956ರಲ್ಲಿ ಹೊರತಂದ, ಪಶ್ಚಿಮ ಆಸ್ಟ್ರೇಲಿಯಾದ ವಿಷಸಸ್ಯಗಳ ಪುಸ್ತಕ. ಒಬ್ಬರು ಸಸ್ಯಶಾಸ್ತ್ರಜ್ಞ, ಇನ್ನೊಬ್ಬರು ಪಶುರೋಗತಜ್ಞ. ಇಂಥ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಜೋಡಿ ಸಿಗದು. ಆದರೆ ವಿಷ ಯಾವುದೆಂದು ಆಗ ತಿಳಿದಿರಲಿಲ್ಲ. ದಕ್ಷಿಣ ಆಫ್ರಿಕಾದ ಗಿಡವೊಂದರಲ್ಲಿ 1940ರ ದಶಕದಲ್ಲೇ ಪತ್ತೆಯಾಗಿದ್ದ ಫ್ಲೋರೋಅಸಿಟೇಟ್ ಇಲ್ಲೂ ಇದೆ ಎಂದು ಗೊತ್ತಾದದ್ದು 1960ರ ದಶಕದಲ್ಲಿ. ಮೈಸೇರಿದ ಮೇಲೆ ಅದು ಜೀವಕೋಶ ಶಕ್ತಿ ಉತ್ಪಾದಿಸುವ ಚಕ್ರವನ್ನೇ ತಡೆದು ನಿಲ್ಲಿಸುತ್ತದೆ.

ಇಷ್ಟೆಲ್ಲ ದುಡಿಮೆಯ ಹಿಂದಿದ್ದದ್ದು ಒಂದೇ ಪ್ರಶ್ನೆ: ನಮ್ಮ ಜಾನುವಾರು ಸಾಯುತ್ತವೆಯೇ? ಅಲ್ಲಿನ ಮೂಲನಿವಾಸಿ ನೂಂಗಾರ್ ಜನ ಇದೇ ನೆಲದ ವಿಷವನ್ನು ಪಳಗಿಸಿಕೊಂಡವರು. 1697ರಲ್ಲೇ ಡಚ್ ನಾವಿಕರು ಸ್ವಾನ್ ನದಿಯ ಬಳಿ ಝಾಮಿಯಾ ಎಂಬ ಗಿಡದ ಬೀಜ ತಿಂದು ವಾಂತಿ ಮಾಡಿಕೊಂಡಿದ್ದರು. ಅದೇ ಕಾಯನ್ನು ನೂಂಗಾರರು ನೀರಿನಲ್ಲಿ ನೆನೆಸಿ, ಮಣ್ಣಿನಲ್ಲಿ ಹೂತಿಟ್ಟು, ಆಮೇಲೆ ಮೇಲಿನ ಕೆಂಪು ತಿರುಳನ್ನು ತಿನ್ನುತ್ತಿದ್ದರು. ‘ತಿನ್ನಬೇಡಿ’ ಎಂಬ ಪಟ್ಟಿಯಷ್ಟೇ ಸಾಕೆಂದುಕೊಂಡ ವಲಸಿಗರ ಸಸ್ಯಜ್ಞಾನದ ದೊಡ್ಡ ಕೊರತೆ ಇದು.

ಎರಡನೆಯ ಕೊರತೆಯ ಪರಿಣಾಮ ಇನ್ನೂ ಘೋರ. ಆ ಭಾಗದ ಕಾಂಗರೂ, ಪಾಸಮ್‌ಗಳು ತಲೆತಲಾಂತರದಿಂದ ಈ ಗಿಡಗಳ ನಡುವೆ ಬೆಳೆದು ವಿಷ ತಾಳಿಕೊಳ್ಳುತ್ತವೆ. ಪೂರ್ವ ಆಸ್ಟ್ರೇಲಿಯಾದ ಅದೇ ಜಾತಿಯ ಪಾಸಮ್‌ಗೆ ಆ ತಾಕತ್ತಿಲ್ಲ. ಹೊರಗಿನಿಂದ ತಂದ ನರಿಗಂತೂ ಅದು ಮಾರಕ. ಈ ಸಂಬಂಧ ಕಾಣದವರು ಗಿಡವನ್ನು ಬರೀ ಪೀಡೆಯೆಂದು ಎಣಿಸಿದರು. ವಿಷಗಿಡ ಬೆಳೆದ ಜಮೀನನ್ನು ಸರ್ಕಾರ ಗಿಡ ನಿರ್ಮೂಲ ಮಾಡುವ ಷರತ್ತಿನ ಮೇಲೆ ಗುತ್ತಿಗೆಗೆ ಕೊಟ್ಟಿತು. ಬೇರುಸಹಿತ ಕಿತ್ತದ್ದೇ ಕಿತ್ತದ್ದು. ಗ್ಯಾಸ್ಟ್ರೊಲೋಬಿಯಂನ ಹಲವು ಪ್ರಭೇದಗಳು ಇಂದು ಅಳಿವಿನಂಚಿಗೆ ಬಂದಿವೆ.

ಆ ಪೊದೆಗಳು ಉಳಿದ ಡ್ರೈಆಂಡ್ರಾದಂಥ ಕಾಡುಗಳಲ್ಲಿ ನರಿಗಳ ಬಾಯಿಗೆ ಸುಲಭವಾಗಿ ಸಿಗುವ ನಂಬ್ಯಾಟ್ ಎಂಬ ಗೆದ್ದಲುಭಕ್ಷಕ ಇನ್ನೂ ಬದುಕಿದೆ. 1996ರಲ್ಲಿ ಶುರುವಾದ ‘ವೆಸ್ಟರ್ನ್ ಶೀಲ್ಡ್’ ಯೋಜನೆಯಡಿ ಅಲ್ಲಿನ ವನ್ಯಜೀವಿ ಇಲಾಖೆ ನರಿಗಳಿಗೆ ಇಡುವ ‘1080’ ಎಂಬ ವಿಷದ ತುತ್ತು ಇದೇ ಫ್ಲೋರೋಅಸಿಟೇಟ್‌ನ ಲವಣ. ವಿಷಸಸ್ಯಗಳ ಮುಂದಿನ ಕೈಪಿಡಿ ಬರೆಯುವವರು ಪ್ರತಿ ಗಿಡದ ಎದುರು ಅದನ್ನು ತಿಂದು ಬದುಕುವ ಪ್ರಾಣಿಗಳ ಹೆಸರನ್ನೂ ದಾಖಲಿಸಬೇಕು.